ಇದು ಯಾರ ಮಾತ್ರಿ?

ಸವದತ್ತಿಯ ದವಾಖಾನೆಯೊಂದರಲ್ಲಿ ಆಪ್ತಸಮಾಲೋಚಕಿಯೊಬ್ಬರಿದ್ದರು. ಬಂದವರಿಗೆ ತಮ್ಮ ಬಗ್ಗೆ ಎಷ್ಟು ಗೌರವವಿದೆಯೆಂದು ಅಳೆಯಲು ಅವರ ಬಳಿ ಹತ್ತು ಪ್ರಶ್ನೆಗಳ ಹಾಳೆಯಿತ್ತು. ಅವರ ಕೋಣೆಯ ಮೂಲೆಯಲ್ಲಿ ಕುಳಿತು ಬಂದವರ ಉತ್ತರ ಕೇಳಿ ಅದನ್ನು ತುಂಬಿ, ಅಂಕ ಕೂಡಿಸುವುದು ನನ್ನ ಕೆಲಸ. ಯಾರಾದರೂ ತಮ್ಮನ್ನೇ ಹಳಿದುಕೊಂಡರೆ ಸಮಾಲೋಚಕಿ ಕನ್ನಡಕ ತೆಗೆದು, "ಇದು ಯಾರ ಮಾತ್ರಿ?" ಎನ್ನುತ್ತಿದ್ದರು.

ಒಮ್ಮೆ ಕಟಕೋಳದಿಂದ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು ಬಂದಳು. ಮನೆಯಲ್ಲಿ ಊಟ, ಮಾತು ಎರಡನ್ನೂ ಬಿಟ್ಟಿದ್ದಳು. ಏನು ಕೇಳಿದರೂ ಒಂದೇ ಉತ್ತರ: "ನಾ ಯಾತಕ್ಕೂ ಬರಂಗಿಲ್ರಿ."

"ಇದು ಯಾರ ಮಾತ್ರಿ?"

"ನಮ್ಮ ಅತ್ತಿದ್ರಿ."

"ಅದು ಅವರಿಗಿರಲಿ. ನಿಮ್ಮದೇನ್ರಿ?"

 ಆಕೆ ಹೋದ ಮೇಲೆ ನಾನು ಅಂಕ ಕೂಡಿಸಲು ಹೊರಟರೆ ಸಮಾಲೋಚಕಿ ತಡೆದರು. "ಬ್ಯಾಡ್ರಿ. ಸಿಕ್ಕಿದ್ದು ಅತ್ತಿ ಅಂಕ. ಆಕೀದು ಇನ್ನೂ ಸಿಕ್ಕಿಲ್ಲ."

ಆಮೇಲೆ ಮೂರು ಸಲ ಆಕೆ ಸುಮ್ಮನೆ ಬಂದು ಕುಳಿತು ಹೋದಳು. ಸಮಾಲೋಚಕಿಯೂ ಅವಸರ ಮಾಡಲಿಲ್ಲ. ನಾಲ್ಕನೆಯ ಸಲ, ನಾವು ಕೇಳುವ ಮೊದಲೇ, ಪಿಸುಗುಟ್ಟಿದಂತೆ ಹೇಳಿದಳು: "ನಾ ಹೊಲಿದ ಜಂಪರ ಸರಿ ಇಲ್ಲಂತ ಒಬ್ರೂ ತಿರುಗಿ ತಂದಿಲ್ರಿ."

ಸಮಾಲೋಚಕಿಯ ಕಣ್ಣು ತುಂಬಿದವು. "ಇನ್ನೊಮ್ಮೆ ಹೇಳ್ರಿ, ತಂಗಿ" ಎಂದರು.

ಎರಡನೆಯ ಸಲ ಆಕೆ ಹೇಳಿದ್ದು ಹೊರಗೆ ಬೆಂಚಿನ ಮೇಲೆ ಕುಳಿತವರಿಗೂ ಕೇಳಿಸಿತು.