ಎರಡನೇ ಹಾಸಿಗೆಯ ಗಂಟೆ

ನನ್ನ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೈರ್ ಅಂಗಡಿಯಲ್ಲಿ ಬಿಲ್ ಬರೆಯುವುದು ಅವರ ಕೆಲಸ. ಆದರೆ ಯಾರಾದರೂ ಕೇಳಿದರೆ ‘ಗ್ಯಾಜೆಟ್ ಮಾಡ್ತೀನಿ’ ಎನ್ನುತ್ತಾರೆ. ಕಂಪ್ಯೂಟರ್ ಸ್ಕ್ರೀನಿನ ಮೂಲೆಯಲ್ಲಿ ಕೂರುವ ಪುಟ್ಟ ಕಿಟಕಿಗಳವು: ಒಂದು ಗಡಿಯಾರ, ಒಂದು ಹವಾಮಾನ, ಕಣ್ಣು ಮಿಟುಕಿಸುವ ಒಂದು ಗೂಬೆ. ಯಾರೋ ಬರೆದಿದ್ದನ್ನು ತಂದು, ನಾಲ್ಕು ಸಾಲು ತಿದ್ದಿ, ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಗೂಬೆ ಮಾತ್ರ ಅವರ ಸ್ವಂತದ್ದು. ನೋಡಿದರೇ ಗೊತ್ತಾಗುತ್ತದೆ.

ಅಕ್ಕ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಹಾಯಕಿ. ಪರದೆ ಎಳೆದ ಮೂರು ಹಾಸಿಗೆ, ಒಂದೊಂದರ ಮೇಲೂ ಶಾಖ ಕೊಡುವ ಕೆಂಪು ದೀಪ. ದೀಪ ಹಚ್ಚಿ, ಅಡುಗೆಮನೆಯ ಟೈಮರ್ ತಿರುಗಿಸಿಟ್ಟರೆ ಹೊತ್ತಾದಾಗ ಅದು ಬಡಿದುಕೊಳ್ಳುತ್ತಿತ್ತು. ಅಕ್ಕ ಹೋಗಿ ದೀಪ ಆರಿಸುತ್ತಿದ್ದಳು. ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಿರಲಿಲ್ಲ. ಭಾವನಿಗೆ ಅದನ್ನೇ ಸಹಿಸಲಾಗಲಿಲ್ಲ. ಡಾಕ್ಟರ ತಲೆ ತಿಂದು, ಟೈಮರುಗಳನ್ನು ಮೂಲೆಗೆ ಹಾಕಿಸಿ, ಅಕ್ಕನ ಮೇಜಿನ ಕಂಪ್ಯೂಟರಿಗೆ ಗ್ಯಾಜೆಟ್ ಕೂರಿಸಿದರು.

ಹಾಸಿಗೆಗೊಂದರಂತೆ ಮೂರು ಐಕಾನ್. ಒತ್ತಿದರೆ ಗ್ಯಾಜೆಟ್ ಏಳುತ್ತದೆ, ಹೊತ್ತಾದಾಗ ಗಂಟೆ ಹೊಡೆಯುತ್ತದೆ. ಎಬ್ಬಿಸುವಾಗಲೇ ಯಾವ ಹಾಸಿಗೆ, ಎಷ್ಟು ನಿಮಿಷ ಎಂದು ಐಕಾನ್ ಅದಕ್ಕೆ ಹೇಳಿ ಕಳಿಸುತ್ತದೆ. ಇದಕ್ಕೆ ಕಮಾಂಡ್ ಲೈನ್ ಆರ್ಗ್ಯುಮೆಂಟ್ ಎನ್ನುತ್ತಾರೆಂದು ಭಾವ ಹಾಲಿನವನಿಗೂ ಪಾಠ ಮಾಡಿದರು. ಆದರೆ ಗ್ಯಾಜೆಟ್ ಒಮ್ಮೆ ಎದ್ದು ಕೂತಿದ್ದರೆ ಆಮೇಲೆ ಹೇಳಿ ಕಳಿಸಿದ್ದನ್ನು ಅದು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡನೇ ಹಾಸಿಗೆಗೆ ಒತ್ತಿದರೂ ಮೊದಲನೆಯದರ ಲೆಕ್ಕವೇ ಓಡುತ್ತಿತ್ತು. ಮನೆಯಲ್ಲಿ ಒಂದೇ ಐಕಾನ್ ಒತ್ತಿ, ಗಂಟೆ ಕೇಳಿಸಿಕೊಂಡು, ತಮ್ಮ ಬೆನ್ನು ತಾವೇ ತಟ್ಟಿಕೊಂಡ ಮಹಾನುಭಾವರಿಗೆ ಇದು ತಿಳಿಯುವುದಾದರೂ ಹೇಗೆ?

ಅಕ್ಕನಿಗೆ ಮೊದಲ ದಿನವೇ ತಿಳಿಯಿತು. “ರೀ, ಒಂದು ಓಡ್ತಿರುವಾಗ ಇನ್ನೊಂದನ್ನ ತಗೊಳ್ತಾನೇ ಇಲ್ಲ.”

“ನಿಂಗೆ ಒತ್ತೋಕೆ ಬರಲ್ಲ, ಅಷ್ಟೆ.”

ಅಕ್ಕ ಗೋಡೆ ಗಡಿಯಾರ ನೋಡಿಕೊಂಡು ಹೇಗೋ ಸುಧಾರಿಸಿದಳು. ಒಂದು ದಿನ ಜನ ಹೆಚ್ಚಿದ್ದರು. ನಡೆಯಲು ಕಲಿಯುತ್ತಿದ್ದ ಒಬ್ಬರನ್ನು ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ಅವರು ಬೀಳುತ್ತಿದ್ದರು. ಎರಡನೇ ಹಾಸಿಗೆಯಲ್ಲಿ ಕಾಲಿನ ಸ್ಪರ್ಶಜ್ಞಾನವೇ ಹೋಗಿದ್ದ ಅಜ್ಜಿಯೊಬ್ಬರು ಮಲಗಿದ್ದರು. ಅಕ್ಕ ಐಕಾನ್ ಒತ್ತಿದ್ದರೂ ಅವರ ಗಂಟೆ ಹೊಡೆಯಲಿಲ್ಲ. ದೀಪ ಆರಿಸುವ ಹೊತ್ತಿಗೆ ಮೊಣಕಾಲಿನ ಮೇಲೆ ಬೊಬ್ಬೆ ಎದ್ದಿತ್ತು.

ಅಜ್ಜಿಯ ಮಗ ಕೂಗಾಡಿದ. ಡಾಕ್ಟರು ಭಾವನನ್ನು ಕರೆಸಿದರು. ಭಾವ ಒಂದು ಐಕಾನ್ ಒತ್ತಿ ತೋರಿಸಿದರು, ಗಂಟೆ ಹೊಡೆಯಿತು. ಅಕ್ಕ ಮುಂದೆ ಬಂದರೆ “ನೀನು ಸುಮ್ನಿರು” ಎಂದರು. ಆಮೇಲೆ, “ಒತ್ತೋದನ್ನೇ ಮರೆತಿದ್ದಾಳೆ ಡಾಕ್ಟ್ರೇ.” ಅಕ್ಕನ ಕೆಲಸ ಹೋಯಿತು. ಕಟ್ಟಿಕೊಂಡ ಹೆಂಡತಿಯ ಬಗ್ಗೆ ಆಡಿದ ಮಾತಿದು.

ಆ ವಾರವೇ ಭಾವ ಗುಟ್ಟಾಗಿ ಗ್ಯಾಜೆಟ್ ತಿದ್ದಿದರು. ಅಕ್ಕ ಹಿಂದೆ ನಿಂತು ನೋಡಿದಳು. ಮೂರು ಐಕಾನ್ ಒತ್ತಿದರೆ ಈಗ ಮೂರು ಲೆಕ್ಕವೂ ಓಡುತ್ತಿತ್ತು.

“ತಪ್ಪು ಅದರದ್ದೇ ಅಂತ ಡಾಕ್ಟರಿಗೆ ಒಂದು ಮಾತು ಹೇಳಿ.”

“ಈಗ ಸರಿಯಿದೆಯಲ್ಲ, ಇನ್ನೇನು ಹೇಳೋದು?”

ಹೊಸದನ್ನು ಕೂರಿಸಲು ಭಾವ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಸುಮ್ಮನೆ ತಲೆಯಾಡಿಸಿದ್ದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದರೋ ಏನೋ. ಆದರೆ ಡಾಕ್ಟರು, “ಮೊದಲೂ ಹೀಗೇ ಇತ್ತಲ್ಲ?” ಎಂದುಬಿಟ್ಟರು. ಹೊಗಳಿಕೆ ಕೈತಪ್ಪುವುದನ್ನು ನಮ್ಮ ಭಾವ ತಡೆದುಕೊಳ್ಳುವುದುಂಟೆ?

“ಎಲ್ಲಿ ಸಾರ್! ಮೊದಲು ಒಂದು ಓಡ್ತಿದ್ರೆ ಎರಡನೇದನ್ನ ತಗೊಳ್ತಾನೇ ಇರಲಿಲ್ಲ. ಈಗ ತಗೊಳ್ಳುತ್ತೆ. ಎಷ್ಟು ಕಷ್ಟಪಟ್ಟೆ ಗೊತ್ತಾ?”

ಡಾಕ್ಟರು ಸ್ಕ್ರೀನಿನಿಂದ ತಲೆಯೆತ್ತಿದರು. “ಹಾಗಾದ್ರೆ ಅವತ್ತು ನಿಮ್ಮ ಮನೆಯವರು ಒತ್ತಿದ್ರು,” ಎಂದರು.

“ಒತ್ತಿರಬಹುದು,” ಎಂದರು ಭಾವ.

ಅವರು ಮನೆ ಸೇರುವ ಮೊದಲೇ ಡಾಕ್ಟರು ಅಕ್ಕನಿಗೆ ಫೋನ್ ಮಾಡಿ, ಇದೆಲ್ಲ ಹೇಳಿ, ತಪ್ಪಾಯಿತು, ನಾಳೆಯಿಂದ ಬನ್ನಿ ಎಂದಿದ್ದರು. ನಾನೂ ಅಲ್ಲೇ ಕೂತಿದ್ದೆ. ಭಾವ ಒಳಗೆ ಬಂದು ಚಪ್ಪಲಿ ಬಿಡುತ್ತ, “ನೋಡು, ನಿನ್ನ ಕೆಲಸದ ಬಗ್ಗೆ ಡಾಕ್ಟರ ಹತ್ರ ನಾನೇ ಮಾತಾಡಿ ಒಪ್ಪಿಸಿ ಬಂದೆ,” ಎಂದರು.

ಅಕ್ಕ ಅವರ ಮುಖ ನೋಡಿ ನಕ್ಕಳು. ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭಾವ ಅವಳ ಬೆನ್ನು ಸವರಿ, “ಇರಲಿ ಬಿಡು, ಇಷ್ಟಕ್ಕೆಲ್ಲ ಅಳ್ತಾರಾ?” ಎಂದರು.