ಇಲ್ಲದ ಅಮ್ಮ ಬಂದ ಮೂರು ಮಂಗಳವಾರ

ನಾನು ಹೇಳಿದ ಒಂದು ಸುಳ್ಳು, ಏಳು ವರ್ಷ ಕಳೆದ ಮೇಲೆ, ಮೊಣಕಾಲು ಹಿಡಿದುಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿತು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನೇ ನಗುತ್ತಿದ್ದೆ. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು ನಾನು. ದೆವ್ವ ಎದುರಿಗೆ ಬಂದು ನಿಂತರೂ ಸ್ಟೆಪ್ಸ್ ತೋರಿಸು ಎನ್ನುವ ಜಾತಿ.

ಸುಳ್ಳು ಹುಟ್ಟಿದ್ದು ಹೀಗೆ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಒಂದು ಗೇಟಿಗೆ ‘ಮಹಡಿ ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಕಟ್ಟಿದ್ದರು. ಅಷ್ಟು ಹೊತ್ತಿಗೆ ನಾನೂ ಅವನೂ ಹನ್ನೊಂದು ಮನೆ ನೋಡಿ, ಹನ್ನೊಂದು ಕಡೆಯೂ “ಬ್ಯಾಚುಲರ್ಸಾ? ಕೊಡಲ್ಲ” ಅನ್ನಿಸಿಕೊಂಡು ಬಂದಿದ್ದೆವು. ಅವನು ಎಂದರೆ ನನ್ನ ಸಂಗಾತಿ. ಗಂಡ ಎನ್ನಲು ಈ ದೇಶದಲ್ಲಿ ಕಾಗದವಿಲ್ಲ, ಗೆಳೆಯ ಎಂದರೆ ಸಾಲುವುದಿಲ್ಲ, ಆದ್ದರಿಂದ ಇಲ್ಲಿ ಅವನು ಎಂದೇ ಇರಲಿ. ಓನರ್ ಆಂಟಿ ಕನ್ನಡಕ ಏರಿಸಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಾಗ ನನ್ನ ಬಾಯಿಂದ ತಾನಾಗಿಯೇ ಹೊರಟುಬಿಟ್ಟಿತು.

“ಅಣ್ಣ ತಮ್ಮ, ಆಂಟಿ. ಅಮ್ಮನೂ ಬರ್ತಾರೆ.”

ಅಮ್ಮ ಎಂದ ಕೂಡಲೇ ಆಂಟಿಯ ಮುಖ ಅರಳಿತು. ಅವತ್ತೇ ಬೋರ್ಡು ಬಿಚ್ಚಿದರು.

ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ನಮ್ಮ ನೂರೂ ಅಮ್ಮನ ಸುತ್ತವೇ ಬೆಳೆದವು. ಅಮ್ಮ ತುಮಕೂರಿನಲ್ಲಿ ಚಿಕ್ಕಮ್ಮನ ಜೊತೆ ಇದ್ದಾರೆ, ಬಲಗಾಲಿನ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು, ಮುಂದಿನ ತಿಂಗಳು ಬರುತ್ತಾರೆ. ಮೊಣಕಾಲು ನೋವು ನನ್ನ ಅಮ್ಮನದು. ಬದನೆಕಾಯಿ ಕಂಡರೆ ಆಗದಿರುವುದೂ ಅವಳದೇ. ಅವಳು ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು, ಅವಳ ನೋವನ್ನು ಎರವಲು ತೆಗೆದುಕೊಂಡರೆ ಯಾರಿಗೆ ನಷ್ಟ ಎಂದುಕೊಂಡೆ. ಅವನ ಅಮ್ಮ ಬದುಕಿದ್ದರು, ಅದೂ ಮೂರು ಕಿಲೋಮೀಟರ್ ದೂರದ ಸುದ್ದಗುಂಟೆಪಾಳ್ಯದಲ್ಲಿ. ಆದರೆ ನಮ್ಮ ವಿಷಯ ಗೊತ್ತಾದ ದಿನದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ, ಮುಖ ನೋಡಿದ್ದಿರಲಿಲ್ಲ. ಅವತ್ತು ಏನು ನಡೆಯಿತು ಎಂದು ಕೇಳಿದಾಗಲೆಲ್ಲ ಅವನು ಎದ್ದು ನೀರು ಕುಡಿಯಲು ಹೋಗುತ್ತಿದ್ದ.

ಆಂಟಿ ಮಾತ್ರ ಬಾರದ ಅಮ್ಮನನ್ನು ಮರೆಯಲಿಲ್ಲ. ಸಂಕ್ರಾಂತಿಗೆ ಅಮ್ಮನ ಪಾಲಿನ ಎಳ್ಳು ಬೇರೆ ಪೊಟ್ಟಣದಲ್ಲಿ ಬರುತ್ತಿತ್ತು. ಮೊಣಕಾಲಿಗೆಂದು ಎಣ್ಣೆ ಬರುತ್ತಿತ್ತು. ಎಳ್ಳನ್ನು ನಾವೇ ತಿಂದೆವು. ಎಣ್ಣೆಯ ಬಾಟಲಿಗಳನ್ನು ಎರಡನೇ ರೂಮಿನ ಗೂಡಿನಲ್ಲಿ ಜೋಡಿಸಿದೆವು. ಲೆಕ್ಕಕ್ಕೆ ಅದು ತಮ್ಮನ ರೂಮು. ಅಲ್ಲೊಂದು ಒಂಟಿ ಮಂಚ, ಯಾರೂ ಮಲಗದ ಹಾಸಿಗೆ. ನೋಡಿದವರಿಗೆ ಅನುಮಾನ ಬಾರದಿರಲೆಂದು ತಿಂಗಳಿಗೊಮ್ಮೆ ಅದರ ಚಾದರ ಬದಲಾಯಿಸುತ್ತಿದ್ದೆವು. ಆ ರೂಮಿಗೆ ಹೋದಾಗ ನನಗೆ ಯಾಕೋ ಧ್ವನಿ ತಗ್ಗಿಸಿ ಮಾತಾಡಬೇಕೆನಿಸುತ್ತಿತ್ತು.

ಈ ವರ್ಷ, ಜೊತೆಯಾಗಿ ಹತ್ತು ವರ್ಷ ಆಯಿತಲ್ಲ ಎಂದು, ಮೊದಲ ಸಲ ದೇಶದ ಹೊರಗೆ ಎಲ್ಲಿಗಾದರೂ ಹೋಗೋಣ ಎಂದೆ. ಬ್ಯಾಂಕಾಕ್ ಎಂದು ತೀರ್ಮಾನವಾಯಿತು. ಸ್ಟಾಫ್ ರೂಮಿನಲ್ಲಿ ರಜೆ ಚೀಟಿ ಬರೆಯುವಾಗ ಫಿಸಿಕ್ಸ್ ಮೇಷ್ಟ್ರು ಇಣುಕಿ, “ಬ್ಯಾಂಕಾಕಾ? ಏನ್ ಗುರು, ಸಖತ್ತಾಗಿದೆ ಪ್ಲಾನು!” ಎಂದು ಕಣ್ಣು ಹೊಡೆದರು. ಆ ಅಪವಾದವನ್ನು ನಾನು ಸಂತೋಷದಿಂದಲೇ ಹೊತ್ತುಕೊಂಡೆ. ನಮಗೆ ಬೇಕಿದ್ದುದು ಅಷ್ಟು ದೊಡ್ಡ ಪಾಪವೇನಲ್ಲ. ಹೋಟೆಲ್ ಬುಕ್ ಮಾಡುವಾಗ ಇಷ್ಟು ವರ್ಷ ಮೈಸೂರಾಗಲಿ, ಹಾಸನವಾಗಲಿ, ಎರಡು ಮಂಚ ಎಂದೇ ಒತ್ತುತ್ತಿದ್ದೆವು. ಈ ಸಲ ಒಂದೇ ದೊಡ್ಡ ಮಂಚ. ಮೊಬೈಲಿನ ಮೇಲೆ ಬೆರಳು ಇಟ್ಟುಕೊಂಡು ಅವನು ನನ್ನ ಮುಖ ನೋಡಿದ.

“ಒತ್ತಲಾ?”

“ಒತ್ತು ಗುರು. ಅಲ್ಲಿ ಯಾವ ಆಂಟಿ ಇದಾರೆ?”

ಒತ್ತಿದ.

ನನ್ನ ಬಳಿ ಪಾಸ್‌ಪೋರ್ಟ್ ಇತ್ತು, ಅವನದು ಆಗಬೇಕಿತ್ತು. ಅರ್ಜಿಯಲ್ಲಿ ಈಗಿನ ವಿಳಾಸಕ್ಕೆ ನಮ್ಮ ಮನೆ ಬರೆದ. ‘ಶಾಶ್ವತ ವಿಳಾಸ’ ಎಂಬಲ್ಲಿ, ಹಿಂದೆ ಮುಂದೆ ನೋಡದೆ, ಎಸ್ಸೆಸ್ಸೆಲ್ಸಿ ಕಾಲದಿಂದ ಬರೆದ ಅಭ್ಯಾಸದಂತೆ ಸುದ್ದಗುಂಟೆಪಾಳ್ಯದ ಮನೆಯನ್ನೇ ತುಂಬಿದ. ನಾನು ಎರಡು ಸಲ ಅರ್ಜಿ ಓದಿ ಕಾಗುಣಿತ ತಿದ್ದಿದೆ, ಅದು ಮಾತ್ರ ಕಣ್ಣಿಗೆ ಬೀಳಲಿಲ್ಲ. ವಿಚಾರಣೆಗೆ ಪೊಲೀಸಿನವರು ಬಂದಾಗ ಆಂಟಿಯೇ ಕಾಫಿ ಕೊಟ್ಟು, “ಅಣ್ಣ ತಮ್ಮ ಸಾರ್, ಚಿನ್ನದಂಥ ಹುಡುಗರು” ಎಂದು ಸಾಕ್ಷಿ ಹೇಳಿದರು. ಗಂಡಾಂತರ ಕಳೆಯಿತು ಎಂದುಕೊಂಡೆವು. ಪಾಸ್‌ಪೋರ್ಟೂ ಬಂತು, ಟಿಕೆಟ್ಟೂ ಆಯಿತು.

ಆಮೇಲಿನ ಮಂಗಳವಾರ ಸಂಜೆ ಇಬ್ಬರೂ ಒಟ್ಟಿಗೆ ಗೇಟು ತೆರೆದಾಗ ಆಂಟಿ ಕಿಟಕಿಯಿಂದ ಕೂಗಿದರು.

“ಏನಪ್ಪಾ, ಅಮ್ಮ ಬರ್ತಾರೆ ಅಂತ ಒಂದ್ ಮಾತು ಹೇಳಬಾರದಾ? ಪಾಪ, ಬಿಸಿಲಲ್ಲಿ ಬಂದಿದ್ರು.”

“ಯಾರಮ್ಮ?” ಎಂದೆ.

“ಇನ್ಯಾರಮ್ಮ? ನಿಮ್ಮಮ್ಮ. ಮೊಣಕಾಲು ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ್ರು. ನಾನೇ ಬೀಗ ತೆಗೆದು ಕೊಟ್ಟೆ. ಬದನೆಕಾಯಿ ಹುಳಿ ಕೊಟ್ರೆ ಮುಟ್ಟಲೇ ಇಲ್ಲ. ನೀವು ಹೇಳಿದ್ರಲ್ಲ, ಹಾಗೇ.”

ಆಂಟಿಗೆ ಅರಳುಮರಳು ಎಂದು ಅವನು ಮೆಟ್ಟಿಲ ಮೇಲೆ ನಕ್ಕ. ನಾನೂ ನಗಬೇಕೆಂದಿದ್ದೆ. ಬಾಗಿಲು ತೆರೆದಾಗ ಮನೆಯೊಳಗೆ ತುಪ್ಪ ಸುಟ್ಟ ವಾಸನೆ, ಅದರ ಹಿಂದೆ ನಿಂಬೆ ಸಿಪ್ಪೆಯ ವಾಸನೆ. ಬೆಳಿಗ್ಗೆ ಮರೆತು ಹೊರಗೇ ಬಿಟ್ಟಿದ್ದ ಹಾಲಿಗೆ ಯಾರೋ ಹೆಪ್ಪು ಹಾಕಿ ತಟ್ಟೆ ಮುಚ್ಚಿದ್ದರು. ಎರಡನೇ ರೂಮಿನಲ್ಲಿ, ಯಾರೂ ಮಲಗದ ಆ ಹಾಸಿಗೆಯ ಅಂಚಿನಲ್ಲಿ, ಯಾರೋ ಕುಳಿತು ಎದ್ದು ಹೋದ ತಗ್ಗಿತ್ತು. ಎಣ್ಣೆ ಬಾಟಲಿಯೊಂದರ ಮುಚ್ಚಳ ಬಿಚ್ಚಿತ್ತು.

ನಾನು ಆ ವಾರವೆಲ್ಲ ಸರಿಯಾಗಿ ಪಾಠ ಮಾಡಲಿಲ್ಲ. ಕಳ್ಳರು ಹೆಪ್ಪು ಹಾಕುವುದಿಲ್ಲ ಎಂಬಷ್ಟು ತರ್ಕ ನನಗೂ ಗೊತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಭಯದ ಅಡಿಯಲ್ಲಿ ಒಂದು ಸಂತೋಷವೂ ಇತ್ತು. ಆ ತಗ್ಗಿನ ಮೇಲೆ ಅಂಗೈ ಇಟ್ಟು ನೋಡಿದೆ. ಬಾಟಲಿಯ ಮುಚ್ಚಳವನ್ನು ಹಾಗೇ ಬಿಟ್ಟೆ, ಅವಳಿಗೆ ಮತ್ತೆ ಬೇಕಾಗಬಹುದೆಂದು.

ಎರಡನೇ ಮಂಗಳವಾರ ಅದೇ ಮಾತು, ಅದೇ ವಾಸನೆ. ಈ ಸಲ ಒಂಟಿ ಮಂಚವನ್ನು ಯಾರೂ ಮುಟ್ಟಿರಲಿಲ್ಲ. ಮೇಜಿನ ಮೇಲಿನ ವಿಮಾನದ ಟಿಕೆಟ್ಟುಗಳ ಮೂಲೆಗೆ ಅರಿಸಿನ ಕುಂಕುಮ ಹಚ್ಚಿತ್ತು. ಒಂದಕ್ಕಲ್ಲ, ಎರಡಕ್ಕೂ. ನಮ್ಮ ರೂಮಿನಲ್ಲಿ, ನಾವು ಬೆಳಿಗ್ಗೆ ಚೆಲ್ಲಾಪಿಲ್ಲಿ ಬಿಟ್ಟು ಹೋದ ಹಾಸಿಗೆಯ ಚಾದರವನ್ನು ಸುಕ್ಕಿಲ್ಲದಂತೆ ಎಳೆದು, ಎರಡು ದಿಂಬುಗಳನ್ನು ಪಕ್ಕಪಕ್ಕ ಇಟ್ಟು, ಹೊದಿಕೆಯನ್ನು ದೋಸೆಯ ಹಾಗೆ ಮೂರು ಮಡಿಕೆ ಮಾಡಿ ಕಾಲಿನ ಕಡೆ ಇಟ್ಟಿದ್ದರು. ಅವನು ಆ ಮಡಿಕೆಯನ್ನೇ ನೋಡುತ್ತಾ ನೆಲದ ಮೇಲೆ ಕುಳಿತುಬಿಟ್ಟ.

“ಇದು ನಿಮ್ಮಮ್ಮ ಅಲ್ಲ ಗುರು,” ಎಂದ. “ನಮ್ಮಮ್ಮ.”

ಆಗ ನನಗೆ ಶಾಶ್ವತ ವಿಳಾಸ ನೆನಪಾಯಿತು. ಪೊಲೀಸಿನವರು ಅಲ್ಲಿಗೂ ಹೋಗಿದ್ದಾರೆ, ಅರ್ಜಿಯಲ್ಲಿ ನಮ್ಮ ಮನೆ ನಂಬರಿದೆ. ಎಲ್ಲ ಸ್ಟೆಪ್ಪುಗಳೂ ಸರಿಯಾಗಿ ಕೂತವು. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಒಂದು ವಾರ ನನ್ನ ಅಮ್ಮ ಬಂದಿದ್ದಳು. ಅವನ ಆ ಮಾತಿನಿಂದ ಅವಳು ಎರಡನೇ ಸಲ ಹೋದಳು, ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಹೊರಗೆ ಬಂದಾಗ ಅವನು ಟಿಕೆಟ್ ಕೈಯಲ್ಲಿ ಹಿಡಿದಿದ್ದ. “ಕ್ಯಾನ್ಸಲ್ ಮಾಡೋಣ.”

“ಯಾಕೆ?”

“ಅವರು ಹಾಸಿಗೆ ನೋಡಿದಾರೆ. ಆಂಟಿಗೆ ಒಂದು ಮಾತು ಹೇಳಿದ್ರೆ ಮನೆ ಖಾಲಿ. ನಾನಿಲ್ಲದಾಗಲೇ ನೋಡ್ಕೊಂಡು ಬರ್ತಾರಲ್ಲ, ಏನಿದೆ ಅವರ ಮನಸ್ಸಲ್ಲಿ? ನಂಗೆ ಹೆದರಿಕೆ ಆಗುತ್ತೆ ಕಣೋ.”

ನನಗೆ ರೇಗಿತು. ಹತ್ತು ವರ್ಷದಲ್ಲಿ ಐದು ದಿನ ಕೇಳಿದ್ದೆ, ಅದಕ್ಕೂ ಕಲ್ಲು. ನೀನು ಹುಟ್ಟಾ ಪುಕ್ಕಲ ಎಂದು ಬೈದೆ. ಸುಳ್ಳು ಹೇಳಿದವನು ನೀನು ಎಂದು ಅವನು ತಿರುಗಿ ಬೈದ. ಅದು ನಿಜವೇ ಆಗಿದ್ದರಿಂದ ನನ್ನ ಸಿಟ್ಟು ಇನ್ನೂ ಏರಿತು. ಮುಂದಿನ ಮಂಗಳವಾರ ನಾನೇ ಅವರನ್ನು ಮಾತಾಡಿಸುತ್ತೇನೆ, ಆಮೇಲೆ ನೀನು ಏನು ಬೇಕಾದರೂ ಮಾಡು ಎಂದೆ.

ಮೂರನೇ ಮಂಗಳವಾರ ರಜೆ ಹಾಕಿ ಎರಡನೇ ರೂಮಿನಲ್ಲಿ ಕುಳಿತೆ. ಆಂಟಿಗೆ ತಿಳಿಯದಿರಲೆಂದು ಚಪ್ಪಲಿಯನ್ನೂ ಒಳಗೇ ಇಟ್ಟುಕೊಂಡೆ. ಐದು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಸದ್ದು ಕೇಳಿತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದದ್ದು. ಯಾರು ಬರುತ್ತಿದ್ದಾರೆಂದು ಗೊತ್ತಿದ್ದೂ ನನ್ನ ಮೈಮೇಲೆ ಮುಳ್ಳೆದ್ದಿತು. ನನ್ನ ಅಮ್ಮನ ಅಂಥದೇ ನಡಿಗೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆಂಟಿ ಕೊಟ್ಟ ಕೀಲಿಯಿಂದ ಬೀಗ ತಿರುಗಿತು. ತುಪ್ಪ, ನಿಂಬೆಯ ವಾಸನೆ ಮೊದಲು ಒಳಗೆ ಬಂತು, ಅವರು ಆಮೇಲೆ ಬಂದರು.

ಚಿಕ್ಕ ಆಕೃತಿ, ಕೈಯಲ್ಲಿ ಬಟ್ಟೆಯ ಚೀಲ. ನನ್ನನ್ನು ಕಂಡು ಬೆಚ್ಚಲೂ ಇಲ್ಲ.

“ನೀನು ದೊಡ್ಡವನಾ?” ಎಂದರು.

“ಹೂಂ” ಎಂದೆ.

“ಕೆಳಗಿನವರು ಹೇಳಿದ್ರು. ದೊಡ್ಡವನು ಮೇಷ್ಟ್ರು, ಚಿಕ್ಕವನು ಆಸ್ಪತ್ರೆ ಲ್ಯಾಬಲ್ಲಿ, ಇಬ್ಬರೂ ನಿಮ್ಮ ಮಕ್ಕಳಲ್ವಾ ಅಂದ್ರು. ಹೌದು ಅಂದೆ.”

“ಯಾಕಮ್ಮ ಹೌದು ಅಂದ್ರಿ?”

“ಇಲ್ಲ ಅಂದಿದ್ರೆ ಬೀಗ ತೆಗೀತಿರಲಿಲ್ಲ.” ಹಾಗೆಂದು ಒಂಟಿ ಮಂಚದ ಅಂಚಿನಲ್ಲಿ ಕುಳಿತು ಮೊಣಕಾಲು ನೀವಿಕೊಂಡರು. ಆ ದಿನ ಏನು ನಡೆಯಿತು ಎಂದು, ಅವನು ಹತ್ತು ವರ್ಷ ಹೇಳದ್ದನ್ನು, ಅವರು ಎರಡೇ ಮಾತಿನಲ್ಲಿ ಹೇಳಿದರು. “ಸಿಟ್ಟಲ್ಲಿ ಅವನ ತಲೆ ಮುಟ್ಟಿ ಆಣೆ ಇಟ್ಟುಬಿಟ್ಟೆ. ನಿನ್ನಾಣೆಗೂ ನಿನ್ನ ಮುಖ ನೋಡಲ್ಲ ಅಂತ.”

ಯಾರ ತಲೆ ಮುಟ್ಟಿ ಆಣೆ ಇಡುತ್ತೇವೋ, ಆಣೆ ತಪ್ಪಿದರೆ ಕೇಡು ಅವರಿಗೇ. ಇದನ್ನು ನಮ್ಮ ಕಡೆ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಈಕೆ ಮಗನನ್ನು ನೋಡದೆ ಇದ್ದದ್ದು ಹಟದಿಂದ ಎಂದು ನಾವು ತಿಳಿದಿದ್ದೆವು. ಮೊದಲ ವರ್ಷ ಹಟವೇ ಇತ್ತಂತೆ, ಆಮೇಲೆ ಬರೀ ಹೆದರಿಕೆ.

“ಪೊಲೀಸಿನವರು ಬಂದ್ರು,” ಎಂದರು. “ಫೋಟೋ ಮುಖದ ಮುಂದೆ ಹಿಡಿದು, ಇವನು ನಿಮ್ಮ ಮಗನೇನಮ್ಮ ಅಂದ್ರು. ನೋಡದೆ ಹೆಂಗೆ ಹೇಳಲಿ? ಅಲ್ಲ ಅಂದ್ರೆ ಅವನ ಕೆಲಸ ಕೆಟ್ಟೋಗುತ್ತೆ. ನೋಡ್ದೆ. ಹೌದು, ನನ್ನ ಮಗ ಅಂದೆ. ಮುಂದಲೆ ಕೂದಲೆಲ್ಲ ಹೋಗ್ಬಿಟ್ಟಿದೆ.” ಚೀಲವನ್ನು ಮಡಿಲಿಗೆ ಎಳೆದುಕೊಂಡರು. “ಆಣೆ ತಪ್ತು. ಅವನು ನೋಡಿದ್ರೆ ಈಗಲೇ ವಿಮಾನ ಹತ್ತೋಕೆ ಹೊರಟಿದಾನೆ. ಅದಕ್ಕೇ ಮಂಗಳವಾರದ ರಾಹುಕಾಲದಲ್ಲಿ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ತಿದೀನಿ, ಒಪ್ಪತ್ತು ಇದೀನಿ. ಹಚ್ಚಿದ ಕೈಯಲ್ಲೇ ಅವನಿರೋ ಮನೆ ಮುಟ್ಟಿ ಹೋಗೋಣ ಅಂತ ಬರ್ತೀನಿ.”

“ಫೋಟೋ ನೋಡಿದ್ರೆ ಮುಖ ನೋಡಿದ ಹಾಗಾಗಲ್ಲಮ್ಮ,” ಎಂದೆ. ನನಗೆ ತಿಳಿದ ವಿದ್ಯೆ ಅದೊಂದೇ.

“ನೀನು ಮೇಷ್ಟ್ರು. ದೇವಿ ಮೇಷ್ಟ್ರಲ್ಲ.” ಆಮೇಲೆ, “ಹೋಗಲೇಬೇಕಾ ಅಷ್ಟು ದೂರ?” ಎಂದರು.

ಸುಳ್ಳು ಹೇಳಿ ಹೇಳಿ ನಾಲಿಗೆ ದಪ್ಪವಾಗಿದ್ದ ನಾನು ಅವತ್ತು ನಿಜ ಹೇಳಿದೆ. “ಅಲ್ಲಿ ಐದು ದಿನ ಯಾರಿಗೂ ಅಣ್ಣ ತಮ್ಮ ಅಂತ ಹೇಳಬೇಕಾಗಿಲ್ಲಮ್ಮ. ಅಷ್ಟೇ ಆಸೆ.”

ಅವರು ನಮ್ಮ ರೂಮಿನ ಬಾಗಿಲ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಗೇಟು ಸದ್ದಾಯಿತು. ಆರಕ್ಕೆ ಬರಬೇಕಾದವನು ಬೇಗ ಬಂದಿದ್ದ. ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದನ್ನು ಗುರುತು ಹಿಡಿದ ಕೂಡಲೇ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಮುಖವೆಲ್ಲ ಸುಕ್ಕಾಯಿತು. ಅವನು ಬಾಗಿಲಿಗೆ ಬಂದು ನಿಂತ. ಒಳಗೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

“ಬಂದ್ನಾ?” ಎಂದು ನನ್ನನ್ನು ಕೇಳಿದರು.

“ಬಂದ.”

ಕಣ್ಣು ಮುಚ್ಚಿಕೊಂಡೇ ಎದ್ದರು. ಗಾಳಿಯಲ್ಲಿ ಕೈ ಚಾಚಿ, ತಡಕುತ್ತಾ, ನನ್ನ ಭುಜ ಹಿಡಿದು, ದಾಟಿ, ಅವನ ಎದೆ, ಗಲ್ಲ, ಆಮೇಲೆ ಕೂದಲಿಲ್ಲದ ಮುಂದಲೆ. ಅಲ್ಲಿ ಕೈ ನಿಂತಿತು. ನಿಂಬೆ ದೀಪದ ತುಪ್ಪಕ್ಕೆ ಬೆರಳುಗಳು ಹೊಳೆಯುತ್ತಿದ್ದವು. ಅವನು ಅಮ್ಮಾ ಎಂದ. ಅವರು ಅವನಿಗೆ ಉತ್ತರ ಕೊಡದೆ, ಮುಚ್ಚಿದ ಕಣ್ಣಿನ ಮುಖವನ್ನು ನನ್ನ ಕಡೆ ತಿರುಗಿಸಿದರು.

“ದೊಡ್ಡವನೇ, ಕರ್ಕೊಂಡು ಹೋಗು. ಹೋದ ಹಾಗೇ ವಾಪಸ್ ಕರ್ಕೊಂಡು ಬಾ. ಆಮೇಲೆ ಕಣ್ಣು ಬಿಡ್ತೀನಿ.”