ಇಸವಿ ಬರೆಯದ ಪುಟ

ನನ್ನ ಯಜಮಾನರು ಫ್ರಾಂಕಿಂಗ್ ಮಷಿನ್ ರಿಪೇರಿ ಮಾಡುತ್ತಿದ್ದರು. ಸ್ಟಾಂಪು ಅಂಟಿಸುವ ಬದಲು ಲಕೋಟೆಯ ಮೇಲೆ ಅಂಚೆ ಮುದ್ರೆ ಒತ್ತುವ ಯಂತ್ರ ಅದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಯ ಕಚೇರಿಯಲ್ಲಿ ಕೆಟ್ಟರೂ ನಮ್ಮೂರು ಬಿಳಿಕೆರೆಯಲ್ಲಿ ಬಸ್ಸು ಹತ್ತುತ್ತಿದ್ದರು. ಕೆಲವರು ಮುಚ್ಚಳ ಬಿಚ್ಚಿ, ಮೀಟರಿನ ಲೆಕ್ಕಕ್ಕೆ ಸಿಗದ ಹಾಗೆ, ದುಡ್ಡು ಕಟ್ಟದೆ ಮುದ್ರೆ ಒತ್ತಿಕೊಳ್ಳುತ್ತಿದ್ದರು. ಅದನ್ನು ಕಂಡರೆ ಇವರಿಗೆ ಸಹಿಸಲಾಗುತ್ತಿರಲಿಲ್ಲ. ಮುಚ್ಚಳ ಅಲುಗಿದೊಡನೆ ಯಂತ್ರ ತಾನೇ ನಿಂತುಬಿಡುವಂಥ ಒಂದು ಬೀಗವನ್ನು ನಮ್ಮ ಅಡುಗೆಮನೆಯಲ್ಲಿ ಕೂತು ಮಾಡಿದರು. ಸ್ಕ್ರೂ ಎತ್ತಿ ಕೊಟ್ಟವಳು ನಾನು.

ಅದನ್ನು ತಾವು ಕೆಲಸಕ್ಕಿದ್ದ ಕಂಪನಿಗೆ ತೋರಿಸಿದರು. ಪೇಟೆಂಟ್ ಅಲ್ಲಿಯ ಯಾರೋ ಇಬ್ಬರು ಇಂಜಿನಿಯರುಗಳ ಹೆಸರಿನಲ್ಲಿ ಬಂತು.

"ಓಗ್ಲಿ ಬುಡು, ಕಳ್ತನ ನಿಂತ್ರೆ ಸಾಕು ಕಣೆ" ಅಂದರು. ನನಗೆ ಸಾಕಾಗಿರಲಿಲ್ಲ.

ಅವರು ತೀರಿಕೊಂಡು ನಾಲ್ಕು ತಿಂಗಳಿಗೆ ಕಂಪನಿಯವನೊಬ್ಬ ಮನೆಗೆ ಬಂದ. ಆ ಬೀಗ ಮೊದಲು ಮಾಡಿದ್ದು ತಾನೇ ಎಂದು ಇನ್ನೊಂದು ಕಂಪನಿ ಕೋರ್ಟಿಗೆ ಹೋಗಿದೆಯಂತೆ. ತಾವೇ ಮೊದಲೆಂದು ತೋರಿಸಲು ಈಗ ಈ ಕಂಪನಿಯವರಿಗೆ ಯಜಮಾನರು ಬೀಗದ ಚಿತ್ರ ಬರೆದಿಟ್ಟಿದ್ದ ನೋಟ್‌ಬುಕ್ ಬೇಕಾಯಿತು. ಯಜಮಾನರು ಬದುಕಿದ್ದಾಗ ಅವರಿಗೆ ಒಂದು ಕಾಗದವನ್ನೂ ಬರೆಯದವರಿಗೆ!

ಬೀಗದ ಚಿತ್ರವಿದ್ದ ಪುಟದ ಮೇಲೆ 'ಆಯುಧಪೂಜೆ ಮಾರನೇ ದಿನ' ಎಂದಷ್ಟೇ ಇತ್ತು. ನನ್ನ ಮಾವನೂ ಹಾಗೆಯೇ. ಬಿತ್ತಿದ್ದು, ಹಸು ಕರು ಹಾಕಿದ್ದು, ಎಲ್ಲವನ್ನೂ ಹಬ್ಬ ಹಿಡಿದೇ ಬರೆಯುತ್ತಿದ್ದರು. ಇಸವಿ ಹಾಕುವ ರೂಢಿಯೇ ಆ ಮನೆಯಲ್ಲಿ ಇರಲಿಲ್ಲ.

"ಯಾವ ಇಸವಿ ಅಮ್ಮ ಇದು? ನೀವು ಹೇಳಿದ್ರೆ ಸಾಕು, ನಾನೇ ತುಂಬ್ತೀನಿ" ಅಂದ.

ನನಗೆ ಗೊತ್ತಿತ್ತು. ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ಮಿರ್ಲೆಯ ತವರಿನಿಂದ ಬಂದ ವರ್ಷ ಅದು.

"ಯೋಳ್ತೀನಿ. ಮೊದ್ಲು ನನ್ ಕೈಲಿ ಸೈನ್ ಆಕ್ಸಕ್ಕೆ ತಂದಿರೋ ಕಾಗ್ದಾನ ಓದಿ."

ಓದಿದ. ಅದರಲ್ಲಿ ನನ್ನ ಗಂಡ 'ಇಂಜಿನಿಯರುಗಳು ಹೇಳಿದಂತೆ ಕೆಲಸ ಮಾಡಿದ ಸಹಾಯಕ'. ಅವರ ಟೂಲ್ ಬ್ಯಾಗ್ ಇನ್ನೂ ಎದುರಿನ ಗೋಡೆಯಲ್ಲೇ ನೇತಾಡುತ್ತಿತ್ತು.

ಮೈದುನ ಪಕ್ಕದಲ್ಲೇ ಕೂತಿದ್ದ. "ಸೈನ್ ಆಕ್ಬುಡಿ ಅತ್ಗೆಮ್ಮ. ಸತ್ತೋರ್ಗೆ ಎಸ್ರು ಯಾಕೆ?"

"ನಿಮ್ಮಣ್ಣನ ತಿಥಿ ಕಾರ್ಡಲ್ಲಿ ನಿನ್ನೆಸ್ರು ಬುಟ್ಟೋಗಿದ್ದಕ್ಕೆ ಮೂರು ದಿನ ಮಾತಾಡ್ಲಿಲ್ವಲ್ಲಪ್ಪ ನೀನು!"

ಮೈದುನ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದ.

ನಾನು ಆ 'ಸಹಾಯಕ' ಎಂಬ ಸಾಲನ್ನು ಹೊಡೆದುಹಾಕಿದೆ. 'ಈ ಬೀಗವನ್ನು ಯೋಚಿಸಿದವರು, ಮಾಡಿದವರು ನನ್ನ ಯಜಮಾನರು' ಎಂದು ಬರೆದು, ಸಹಿ ಹಾಕಿ ಕೊಟ್ಟೆ.

"ಪೇಟೆಂಟಲ್ಲಿ ಇಂಜಿನಿಯರ್‌ಗಳ ಹೆಸರಿದೆ. ಇದನ್ನ ಕೋರ್ಟಿಗೆ ಕೊಟ್ರೆ ನಮ್ಮ ಪೇಟೆಂಟೇ ಬಿದ್ದೋಗುತ್ತಮ್ಮ" ಅಂದ ಕಂಪನಿಯವನು.

ಬೀಳಲಿ. ಸುಳ್ಳಿನ ಮೇಲೆ ನಿಲ್ಲಿಸಿದ್ದನ್ನು ನಾನೇಕೆ ಹಿಡಿದುಕೊಳ್ಳಬೇಕು? ನೋಟ್‌ಬುಕ್ಕನ್ನು ಅವನ ಕೈಯಿಂದ ಇಸಿದುಕೊಂಡೆ. ಬಾಗಿಲ ಹತ್ತಿರ ನಿಂತು ಮತ್ತೊಮ್ಮೆ ಇಸವಿ ಕೇಳಿದ. ಹೇಳಲಿಲ್ಲ. ಮೈಸೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಅದನ್ನು ಹೇಳಿದೆ.